ಬೇಸಿಗೆಯ ಪಾಲು

ಥಿಯಾ ಪ್ಯಾಸ್ಕೋಳ ಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಪುಟ್ಟ ಕೋಣೆಯೊಂದಿತ್ತು. ತಗಡಿನ ಗೋಡೆ, ತಗಡಿನ ಮಾಡು, ಒಂದೇ ಕಿಟಕಿ. ದಕ್ಷಿಣ ಗೋಳಾರ್ಧದಲ್ಲಿ ನಡುಚಳಿಗಾಲವಾದ ಜೂನ್ ತಿಂಗಳಲ್ಲಿ, ಬ್ರೋಕನ್ ಹಿಲ್‌ನ ಜನ ಬೆಳಗ್ಗೆ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವ ಚಳಿಯಲ್ಲಿ, ಅವಳು ಆ ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಟವೆಲು ತುರುಕಿ, ಒಳಗೆ ಹೀಟರು ಹಚ್ಚಿ, ಯಾರದ್ದಾದರೂ ಕಂಪ್ಯೂಟರನ್ನು ಬೇಯಿಸುತ್ತ ಕೂರುತ್ತಿದ್ದಳು.

"ಕಂಪ್ಯೂಟರಿಗೆ ಜ್ವರ ಬರಿಸ್ತಿದ್ದೀಯೇನಮ್ಮ?" ಎಂದು ವಿಮ್ ಓಸ್ಟರ್‌ಹಾಫ್ ಕಿಟಕಿಯ ಗಾಜಿಗೆ ಮೂಗೊತ್ತಿ ಕೇಳುತ್ತಿದ್ದ. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತನಾದ ಮುದುಕ. ಊರಿನ ಓವರ್‌ಕ್ಲಾಕಿಂಗ್ ಕ್ಲಬ್ಬಿಗೆ ಅವನೇ ಅಧ್ಯಕ್ಷ.

"ಬರೋ ಜ್ವರ ಇಲ್ಲೇ ಬಂದು ಹೋಗ್ಲಿ ಬಿಡಿ. ಅವರ ಮನೆಗೆ ಹೋಗಿ ಮಲಗಿದ್ರೆ ನನ್ನ ಹೆಸರು ಹೇಳ್ತಾರೆ."

"ನಿನ್ನ ಕೈಯಿಂದ ಪಾರಾಗಿ ಬಂದದ್ದು ನೂರು ವರ್ಷ ಬದುಕುತ್ತೆ, ಒಪ್ಪಿದೆ. ನಡಿಗೆ ಮಾತ್ರ ನನ್ನ ಮುದಿ ಅತ್ತೆಯದು."

ಪ್ರೊಸೆಸರು ಮಾಡುವ ಕಂಪನಿ ಅದಕ್ಕೊಂದು ವೇಗ ಗೊತ್ತುಮಾಡಿ ಕೊಟ್ಟಿರುತ್ತದೆ. ಆ ಗೆರೆ ದಾಟಿ ಅದನ್ನು ಓಡಿಸುವುದೇ ಈ ಕ್ಲಬ್ಬಿನವರ ಹುಚ್ಚು. ವೇಗ ಏರಿಸಿದರೆ ವೋಲ್ಟೇಜನ್ನೂ ಏರಿಸಬೇಕು. ವೋಲ್ಟೇಜು ಏರಿದರೆ ಕಾವು ಏರುತ್ತದೆ. ಕಾವು ಏರಿದರೆ ಆ ವೋಲ್ಟೇಜು ಸಾಲದೆ ಬರುತ್ತದೆ. ಒಂದೇ ಕಾರ್ಖಾನೆಯಿಂದ ಒಟ್ಟಿಗೆ ಹೊರಬಿದ್ದ ಚಿಪ್‌ಗಳಾದರೂ ಐದು ಬೆರಳಿನಂತೆ ಬೇರೆ ಬೇರೆ. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಅದರ ಮುಂದೆಯೇ ಕೂತು, ಒಂದೊಂದೇ ಮೆಟ್ಟಿಲು ಏರಿಸಿ, ಕಠಿಣ ಲೆಕ್ಕಗಳನ್ನು ಕೊಟ್ಟು, ಗಂಟೆಗಟ್ಟಲೆ ಕಾದು ನೋಡಬೇಕು. ಕಾಯುವ ಕೆಲಸ ಹೆಚ್ಚಿನವರಿಗೆ ಬೇಸರ. ಥಿಯಾಳಿಗೆ ಬೇರೆ ಕೆಲಸ ಬೇಕಿರಲಿಲ್ಲ.

ಒಲೆ ಆರಿಸಿದೆನೇ ಇಲ್ಲವೇ ಎಂದು ಅರ್ಧ ದಾರಿಯಿಂದ ಮನೆಗೆ ಹಿಂದಿರುಗುವ ಜಾತಿಯವಳು ಅವಳು. ಕಾಲೇಜಿನಲ್ಲಿ ಗೆಳತಿಯರು, ಕಚೇರಿಯಲ್ಲಿ ಜೊತೆಯವರು ಆ ಸ್ವಭಾವವನ್ನು ಆಡಿಕೊಂಡು ನಕ್ಕಿದ್ದರು. ಅದನ್ನು ಗುಣವೆಂದು ಕಂಡದ್ದು ಈ ಕ್ಲಬ್ಬು ಮಾತ್ರ. ವೋಲ್ಟೇಜು ಸಾಲದಾದಾಗ ಯಂತ್ರ ಬಿದ್ದುಹೋದರೆ ಅವಳಿಗೆ ಚಿಂತೆಯಿರಲಿಲ್ಲ. ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಬೀಳದೆ, ನರಳದೆ, ಎಲ್ಲ ಸರಿಯಾಗಿರುವಂತೆ ಓಡುತ್ತಲೇ ಇದ್ದು, ನಡುವೆ ಎಲ್ಲೋ ಒಂದು ಲೆಕ್ಕವನ್ನು ತಪ್ಪಾಗಿ ಹೇಳಿಬಿಡುತ್ತದಲ್ಲ, ಅದರ ಭಯ ಅವಳಿಗೆ. ಅದಕ್ಕೇ ಎಷ್ಟು ವೋಲ್ಟೇಜಿಗೆ ಯಂತ್ರ ತಾಳುತ್ತದೆಂದು ಕಂಡುಕೊಂಡ ಮೇಲೂ ಅವಳು ಅಲ್ಲಿಗೆ ಬಿಡುತ್ತಿರಲಿಲ್ಲ. ವೇಗವನ್ನು ಒಂದು ಮೆಟ್ಟಿಲು ಇಳಿಸಿ, ವೋಲ್ಟೇಜನ್ನು ಒಂದು ಚಿಟಿಕೆ ಏರಿಸುತ್ತಿದ್ದಳು. ಅದಕ್ಕೆ ಬೇಸಿಗೆಯ ಪಾಲು ಎಂದು ಹೆಸರಿಟ್ಟವಳೂ ಅವಳೇ. ಜನವರಿಯಲ್ಲಿ ಊರು ಕಾದ ಹೆಂಚಾಗುವಾಗ ತಿನ್ನಲು ಬೇಕಾಗುತ್ತದೆಂದು ಚಳಿಗಾಲದಲ್ಲೇ ಎತ್ತಿಟ್ಟ ಪಾಲು.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಪರೀಕ್ಷೆ ಮಾಡಿದವರು ಎಲ್ಲರ ಎದುರು ಯಂತ್ರದ ಮೇಲೆ ಅಂಗೈ ಇಟ್ಟು "ಗಟ್ಟಿ" ಎನ್ನಬೇಕು. ಅಂದ ಮೇಲೆ ಅದು ಅವರ ಮಾತು. ಆಮೇಲೆ ಬೇರೆ ಯಾರಾದರೂ ಅದಕ್ಕೆ ಕೈಹಾಕಿದರೆ ಆ ಮಾತು ಸತ್ತಹಾಗೆ. ಕೈಹಾಕಿದವರು ಮೊದಲಿನಿಂದ ಪರೀಕ್ಷೆ ಮಾಡಿ ತಮ್ಮ ಬಾಯಿಂದ ಹೇಳಬೇಕು. ಬಾಯಿಗೆ ಬಂದಂತೆ ಗಟ್ಟಿ ಎಂದು ಆಮೇಲೆ ತಲೆ ಕೆರೆದುಕೊಂಡವರು ಬಹಳ ಮಂದಿ. ಥಿಯಾ ಅಂದದ್ದು ಒಂದೂ ಸುಳ್ಳಾಗಿರಲಿಲ್ಲ.

ಆ ಜೂನ್‌ನಲ್ಲಿ ಅವಳು ಬೇಯಿಸುತ್ತಿದ್ದದ್ದು ನೆರಿಡಾ ಕ್ವಿಲ್‌ಳ ಯಂತ್ರ. ನೆರಿಡಾ ಊರ ಗ್ರಂಥಾಲಯದಲ್ಲಿ ಕೆಲಸ ಮಾಡಿ ಬಿಟ್ಟವಳು, ಊರಾಚೆಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದವಳು. ಹಿತ್ತಲಿನಲ್ಲಿ ದೂರದರ್ಶಕ ನೆಟ್ಟುಕೊಂಡು ಹತ್ತಾರು ವರ್ಷದಿಂದ ಒಂದೇ ಒಂದು ನಕ್ಷತ್ರವನ್ನು ನೋಡುತ್ತಿದ್ದಳು. ಅದಕ್ಕೆ ಹೆಸರಿಲ್ಲ, ಉದ್ದನೆಯ ಸಂಖ್ಯೆಯಿದೆ. ನೆರಿಡಾ ಅದನ್ನು "ಅವಳು" ಎನ್ನುತ್ತಿದ್ದಳು. ರಾತ್ರಿಯಿಡೀ ಕ್ಯಾಮರಾ ನೂರಾರು ಚಿತ್ರ ತೆಗೆಯುವುದು, ಮರುದಿನ ಕಂಪ್ಯೂಟರು ಆ ಚಿತ್ರಗಳನ್ನೆಲ್ಲ ಅಳೆದು ನಕ್ಷತ್ರದ ಬೆಳಕು ಎಷ್ಟಿತ್ತೆಂದು ಒಂದು ಗೆರೆ ಎಳೆಯುವುದು. ಹಳೆಯ ಯಂತ್ರಕ್ಕೆ ಈ ಕೆಲಸ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಹೊಸದನ್ನು ಥಿಯಾ ಕಟ್ಟಿಕೊಟ್ಟಳು.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಹಾಲ್‌ನಲ್ಲಿ ಅವಳು ಅದರ ಮೇಲೆ ಕೈಯಿಟ್ಟು ಗಟ್ಟಿ ಎಂದಾಗ, ಗಂಡ ಡಾರ್ಸಿ ಮಾಂಸದ ಕಡುಬು ತಿನ್ನುತ್ತ ಪಕ್ಕದಲ್ಲೇ ನಿಂತಿದ್ದ.

"ಎಷ್ಟಕ್ಕೆ ಬಿಟ್ಟೆ?"

"ನಾಲ್ಕು ಪಾಯಿಂಟ್ ಐದು ಗಿಗಾಹರ್ಟ್ಸ್."

"ಅಷ್ಟೇನಾ? ಐದು ಮುಟ್ಟೋ ಚಿಪ್ ಕಣೇ ಅದು. ರೇಸ್ ಕುದುರೆ ತಂದು ಗಾಡಿಗೆ ಕಟ್ಟಿದ್ದೀಯ."

"ಗಾಡಿ ಎಳೆಯೋದೇ ನೆರಿಡಾಗೆ ಬೇಕಾಗಿರೋದು."

ನೆರಿಡಾ ನಕ್ಕಳು. "ನನಗೆ ವೇಗ ಬೇಡಪ್ಪ ಡಾರ್ಸಿ. ಎರಡೂ ಎರಡೂ ಕೂಡಿಸಿದ್ರೆ ನಾಲ್ಕು ಬರಬೇಕು, ಅಷ್ಟೇ."

ಜುಲೈನಲ್ಲಿ ಕ್ಲಬ್ಬಿನ ದೊಡ್ಡ ಪಂದ್ಯ. ಶನಿವಾರ ಬೆಳಗ್ಗೆ ಶುರುಮಾಡಿ ಭಾನುವಾರ ಸಂಜೆಯವರೆಗೆ ಒಂದೂ ತಪ್ಪಿಲ್ಲದೆ ಓಡುವ ಯಂತ್ರಗಳಲ್ಲಿ ಯಾವುದರ ವೇಗ ಹೆಚ್ಚೋ ಅದಕ್ಕೆ ಬಹುಮಾನ. ಬಹುಮಾನವೆಂದರೆ ಸುಟ್ಟುಹೋದ ಪ್ರೊಸೆಸರೊಂದನ್ನು ಮರದ ತುಂಡಿಗೆ ಅಂಟಿಸಿದ್ದು. ಆದರೂ ಅದಕ್ಕಾಗಿ ಗಂಡಸರು ಒಬ್ಬರೊಂದಿಗೊಬ್ಬರು ಮಾತು ಬಿಡುತ್ತಿದ್ದರು. ಆ ವಾರ ಥಿಯಾ ದೂರದ ಮಿಲ್ಡುರಾ ಊರಿನಲ್ಲಿ ಕಾಯಿಲೆ ಬಿದ್ದ ಅಕ್ಕನನ್ನು ನೋಡಿಕೊಳ್ಳುತ್ತಿದ್ದಳು. ಡಾರ್ಸಿಯ ಯಂತ್ರ ಪಂದ್ಯದ ಮುನ್ನಾದಿನವೇ ಹೊಗೆಯಾಡಿ ಕೈಕೊಟ್ಟಿತು. ಅವನು ನೆರಿಡಾಳ ಮನೆಗೆ ಹೋಗಿ ಅವಳದ್ದನ್ನು ಎರವಲು ಕೇಳಿ ತಂದ. ಮೋಡ ಮುಚ್ಚಿದ ವಾರವಾದ್ದರಿಂದ ಅವಳೂ ಕೊಟ್ಟಳು.

ಥಿಯಾ ಊರಿಗೆ ಬಂದಾಗ ಆ ಮರದ ತುಂಡು ಫ್ರಿಜ್ಜಿನ ಮೇಲೆ ಕೂತಿತ್ತು.

"ನಾಲ್ಕು ಪಾಯಿಂಟ್ ಒಂಬತ್ತು," ಎಂದ ಡಾರ್ಸಿ. "ಒಂದೇ ಒಂದು ತಪ್ಪಿಲ್ಲ. ವಿಮ್ ಮುಖ ನೋಡ್ಬೇಕಿತ್ತು ನೀನು, ನಿಂಬೆಹಣ್ಣು ಕಚ್ಚಿದ ಹಾಗಿತ್ತು."

"ವಾಪಸ್ ಹಾಕಿದ್ಯ?"

"ಏನನ್ನ?"

"ನಾನು ಇಟ್ಟಿದ್ದನ್ನ. ಪಂದ್ಯ ಮುಗಿದ ಮೇಲೆ."

"ಹಾಕ್ದೆ ಮಾರಾಯ್ತಿ. ಊರಿಗೆ ಬಂದು ಚೀಲ ಇಳಿಸಿಲ್ಲ, ಆಗಲೇ ವಿಚಾರಣೆ."

ಅವಳು ಚೀಲ ಇಳಿಸಿದಳು. ಯಂತ್ರಗಳ ವಿಷಯದಲ್ಲಿ ಅವಳು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಆದರೆ ಗಂಡನ ಮಾತನ್ನು ಕೋಣೆಯಲ್ಲಿ ಕೂಡಿ ಹೀಟರು ಹಚ್ಚಿ ಪರೀಕ್ಷಿಸಲು ಬರುವುದಿಲ್ಲ. ನೆರಿಡಾಳ ಮನೆಗೆ ಹೋಗಿ, ಅವಳೆದುರಿಗೇ ಯಂತ್ರ ತೆರೆದು ನೋಡಿದರೆ, ಡಾರ್ಸಿಯ ಬಾಯಿಂದ ಬಂದದ್ದು ನನಗೆ ಸಾಲದು ಎಂದು ಊರಿಗೆ ಸಾರಿದ ಹಾಗೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಕಲಿತಿದ್ದಳು. ಅಕ್ಟೋಬರಿನಲ್ಲಿ ವಿಮ್ ಮಂಡಿನೋವೆಂದು ಅಧ್ಯಕ್ಷತೆ ಬಿಟ್ಟಾಗ, ಪಂದ್ಯ ಗೆದ್ದವನೆಂದು ಕ್ಲಬ್ಬಿನವರು ಡಾರ್ಸಿಯನ್ನೇ ಆ ಕುರ್ಚಿಗೆ ಕೂರಿಸಿದರು. ನಗರಸಭೆಯ ನೀರಿನ ಲಾರಿ ಓಡಿಸುವ ಅವನಿಗೆ ಯಾರೂ ಈವರೆಗೆ ಯಾವ ಕುರ್ಚಿಯನ್ನೂ ಕೊಟ್ಟಿರಲಿಲ್ಲ. ಅವನು ಅಂಗಿಗೆ ಇಸ್ತ್ರಿ ಹಾಕಲು ಶುರುಮಾಡಿದ.

ಡಿಸೆಂಬರಿನ ಒಂದು ಮಧ್ಯಾಹ್ನ ನೆರಿಡಾ ಫೋನು ಮಾಡಿ ಚಹಾಕ್ಕೆ ಕರೆದಳು. ಹೋದರೆ ಚಹಾ ಮಾಡುವುದನ್ನೇ ಮರೆತಿದ್ದಳು. ಅಡುಗೆಮನೆಯ ಮೇಜಿನ ತುಂಬ ಕಾಗದ ಹರಡಿತ್ತು. ಒಂದೊಂದರಲ್ಲೂ ನೇರವಾಗಿ ಹೋದ ಒಂದು ಗೆರೆ, ನಡುವೆ ಹಲ್ಲು ಬಿದ್ದ ಒಸಡಿನಂತೆ ಒಂದು ತಗ್ಗು.

"ಅವಳು ಮಂಕಾಗ್ತಿದ್ದಾಳೆ ಥಿಯಾ. ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮೊದಲಿನ ಹಾಗೇ. ಎದುರಿಗೆ ಏನೋ ಹಾದುಹೋಗ್ತಿದೆ."

"ಏನು?"

"ದೂಳಿರಬಹುದು. ಗ್ರಹ ಇರಬಹುದು. ಇಷ್ಟು ವರ್ಷ ಯಾರೂ ತಿರುಗಿ ನೋಡದ ನಕ್ಷತ್ರ ಕಣೇ. ನನ್ನ ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ."

ನೆರಿಡಾ ಕಾಗದಗಳನ್ನು ಮತ್ತೆ ಸಾಲಾಗಿ ಜೋಡಿಸಿದಳು. ನಕ್ಷತ್ರ ನೋಡುವವರ ಸಂಘಕ್ಕೆ ಬರೆಯಬೇಕೆಂದಿದ್ದಳು. ಬರೆಯುವ ಮೊದಲು ಎಲ್ಲವನ್ನೂ ನೋಡಿದ್ದಳು: ಮಸೂರದಲ್ಲಿ ಮಂಜು ಕಟ್ಟಿತ್ತೇ, ಮೋಡ ಹಾದಿತ್ತೇ, ಕ್ಯಾಮರಾ ಕೆಟ್ಟಿತ್ತೇ, ಪಕ್ಕದ ನಕ್ಷತ್ರಗಳೂ ಮಂಕಾಗಿದ್ದವೇ. ಇಲ್ಲ, ಇಲ್ಲ, ಇಲ್ಲ. ಆಮೇಲೆ ನೀರಿಗೆ ಒಲೆ ಹಚ್ಚುತ್ತ ಅವಳು ಮಾತಿನ ನಡುವೆ ಅಂದಳು: "ಹೋದ ತಿಂಗಳು ಒಂದ್ಸಲ ಪರದೆ ಹಾಗೇ ಹೆಪ್ಪುಗಟ್ಟಿಬಿಡ್ತು. ಆರಿಸಿ ಹಚ್ಚಿದೆ, ಸರಿಹೋಯ್ತು. ಅದೇನೂ ಅಲ್ಲ ತಾನೆ?"

ಥಿಯಾ ತಟ್ಟನೆ ಯಂತ್ರವಿದ್ದ ಪಡಸಾಲೆಯ ಕಡೆ ತಿರುಗಿದಳು. "ಒಂದೇ ಸಲವಾ?"

"ಒಂದೇ ಸಲ."

"ಒಂದ್ಸಲ ನೋಡ್ಲಾ?"

"ಈಗ ಲೆಕ್ಕ ಹಾಕ್ತಿದೆ, ಮುಟ್ಟಬೇಡ," ಎಂದಳು ನೆರಿಡಾ, ಮಲಗಿದ ಮಗುವನ್ನು ತೋರಿಸುವ ಹಾಗೆ. "ನೀನು ಗಟ್ಟಿ ಅಂದ ಯಂತ್ರ. ಅದರ ಯೋಚನೆ ನನಗಿಲ್ಲ."

ಅಂದು ಸಂಜೆ ಥಿಯಾ ಮತ್ತೆ ಕೇಳಿದಳು. ಡಾರ್ಸಿ ಅಂಗಳಕ್ಕೆ ನೀರು ಬಿಡುತ್ತಿದ್ದ.

"ಜುಲೈನಲ್ಲಿ ನೆರಿಡಾಳ ಯಂತ್ರ ವಾಪಸ್ ಹಾಕ್ದೆ ಅಂದ್ಯಲ್ಲ, ಎರಡನ್ನೂ ಹಾಕಿದ್ಯ? ವೇಗ, ವೋಲ್ಟೇಜು?"

"ಹಾಕ್ದೆ ಅಂತ ಆಗಲೇ ಹೇಳಿಲ್ವ?"

"ಅವಳು ದೊಡ್ಡದೊಂದನ್ನ ಬರೆದು ಕಳಿಸ್ತಿದ್ದಾಳೆ. ಹೋದ ತಿಂಗಳು ಒಂದ್ಸಲ ಪರದೆ ಹೆಪ್ಪುಗಟ್ಟಿತಂತೆ. ಅದಕ್ಕೆ ಕೇಳಿದ್ದು."

"ನಿನಗೆ ನಿದ್ದೆ ಬರಲ್ಲ ಅಂತ ಊರಿಗೆಲ್ಲ ನಿದ್ದೆ ಬಾರದ ಹಾಗೆ ಮಾಡ್ಬೇಡ. ಹೆಪ್ಪುಗಟ್ಟದೆ ಇರೋ ಕಂಪ್ಯೂಟರು ಯಾವುದಿದೆ ಹೇಳು ಲೋಕದಲ್ಲಿ." ಅವನು ಪೈಪನ್ನು ಗುಲಾಬಿ ಗಿಡದ ಬುಡಕ್ಕೆ ತಿರುಗಿಸಿದ. ಅವಳ ಮುಖ ನೋಡಲಿಲ್ಲ. ನೋಡಲಿಲ್ಲ ಎಂಬುದನ್ನು ಅವಳು ಗಮನಿಸಿದಳು. ಗಮನಿಸಿಯೂ ಒಳಗೆ ಹೋಗಿ ಆಲೂಗಡ್ಡೆ ಸಿಪ್ಪೆ ತೆಗೆದಳು.

ನೆರಿಡಾ ಬರೆದು ಕಳಿಸಿದಳು. ಸಂಘದವರು ಅದನ್ನು ಎಲ್ಲ ಸದಸ್ಯರಿಗೂ ತಲುಪಿಸಿದರು. ಇಷ್ಟು ವರ್ಷ ಒಂದು ತಪ್ಪನ್ನೂ ಬರೆಯದ ಹೆಂಗಸು ಎಂಬ ಕಾರಣಕ್ಕೆ, ವೀಕ್ಷಣಾಲಯವೊಂದರ ಹಿರಿಯ ವಿಜ್ಞಾನಿ ಆಬ್ರಿ ಸ್ಟ್ಯಾನರ್ಡ್ ತನ್ನ ಸ್ವಂತ ಕೆಲಸಕ್ಕೆಂದು ಕಾದಿಟ್ಟುಕೊಂಡಿದ್ದ ರಾತ್ರಿಗಳನ್ನು ಅವಳ ನಕ್ಷತ್ರಕ್ಕೆ ಬಿಟ್ಟುಕೊಟ್ಟ. ದೊಡ್ಡ ದೂರದರ್ಶಕ ಆ ನಕ್ಷತ್ರದತ್ತ ತಿರುಗಿತು. ಆ ದಿನಗಳಲ್ಲಿ ನೆರಿಡಾ ಅಂಗಡಿಯ ಸಾಲಿನಲ್ಲಿ ನಿಂತಾಗಲೂ ಗುನುಗುತ್ತಿದ್ದಳು.

ಜನವರಿ ಕೊನೆಯಲ್ಲಿ ಉತ್ತರ ಬಂತು. ಏನೂ ಇಲ್ಲ. ಗೆರೆ ನೇರವಾಗಿದೆ. ಸಭ್ಯವಾದ ಕಾಗದ, ಸಭ್ಯತೆಯೇ ಚುಚ್ಚುವಂಥದ್ದು. ಸಂಘದ ಪತ್ರಿಕೆಯಲ್ಲಿ ಯಾರೋ ಹೆಸರೆತ್ತದೆ, ವಯಸ್ಸಾದ ಕಣ್ಣುಗಳ ಆಸೆಯ ಬಗ್ಗೆ ಒಂದು ಸಾಲು ಬರೆದಿದ್ದರು. ನೆರಿಡಾ ಅದನ್ನು ಫೋನಿನಲ್ಲಿ ಥಿಯಾಳಿಗೆ ಓದಿ ಹೇಳಿದಳು. ಧ್ವನಿ ಎಲ್ಲೂ ಏರಲಿಲ್ಲ.

"ನಾನು ಬರ್ತೀನಿ. ಆ ಯಂತ್ರ ನೋಡ್ತೀನಿ," ಎಂದಳು ಥಿಯಾ. ಈ ಸಲ ಅಪ್ಪಣೆ ಕೇಳಲಿಲ್ಲ.

ಬಿಸಿಲು ಬೆಳಗ್ಗೆಯೇ ಏರಿತ್ತು. ನೆರಿಡಾ ಬಾಗಿಲು ತೆರೆದು, ತಾನು ಸ್ವಲ್ಪ ಮಲಗುತ್ತೇನೆಂದು ಒಳಕೋಣೆಗೆ ಹೋದಳು. ತಂಪು ಗಾಳಿಯ ಯಂತ್ರ ಇದ್ದದ್ದು ಅಲ್ಲೊಂದೇ ಕಡೆ. ಕಂಪ್ಯೂಟರು ಇದ್ದ ಪಡಸಾಲೆಯ ಗಾಳಿ ಒಲೆಯ ಬಾಯಿಯಂತಿತ್ತು. ಥಿಯಾ ಯಂತ್ರವನ್ನು ಆರಿಸಿ, ಮತ್ತೆ ಹಚ್ಚುವಾಗ ಕೀಲಿ ಒತ್ತಿ ಹಿಡಿದು, ಒಳಗಿನ ಅಂಕಿಗಳ ಪರದೆ ತೆರೆದಳು.

ನಾಲ್ಕು ಪಾಯಿಂಟ್ ಒಂಬತ್ತು.

ವೋಲ್ಟೇಜು ಆ ವೇಗಕ್ಕೆ ಬೇಕಾದದ್ದಕ್ಕಿಂತ ಕೆಳಗಿತ್ತು. ಕಾವು ಏರಬಾರದೆಂದು ಡಾರ್ಸಿ ಅದನ್ನು ಸಾಕಷ್ಟು ಏರಿಸಿರಲಿಲ್ಲ. ಜುಲೈನ ಚಳಿಗಾಳಿಗೆ ಹಾಲ್‌ನ ಎರಡೂ ಬಾಗಿಲು ತೆರೆದಿಟ್ಟಾಗ ತಾಳುವಷ್ಟು, ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ. ಬೇಸಿಗೆಯ ಪಾಲಿನಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.

ಅವಳು ವೇಗವನ್ನು ಕಂಪನಿ ಕೊಟ್ಟ ಮಟ್ಟಕ್ಕೆ ಇಳಿಸಿ, ನೆರಿಡಾ ಸಂಘಕ್ಕೆ ಕಳಿಸಿದ್ದ ರಾತ್ರಿಗಳಲ್ಲಿ ಒಂದನ್ನು ಆರಿಸಿ, ಅವೇ ಚಿತ್ರಗಳನ್ನು ಮತ್ತೆ ಲೆಕ್ಕಕ್ಕೆ ಹಾಕಿದಳು. ಗೆರೆ ನಿಧಾನವಾಗಿ ಪರದೆಯ ಮೇಲೆ ಹರಿಯಿತು. ತಗ್ಗು ಇರಬೇಕಾದ ಜಾಗವನ್ನು ನೇರವಾಗಿ ದಾಟಿ ಹೋಯಿತು. ಇನ್ನೊಂದು ರಾತ್ರಿ ಹಾಕಿದಳು. ಅದೂ ನೇರ. ಆಗ ಅವಳು ತಗ್ಗು ಬಂದ ಲೆಕ್ಕಗಳ ತಾರೀಕು ನೋಡಿದಳು. ಒಂದು, ದೂಳಿನ ಬಿರುಗಾಳಿ ಎದ್ದ ದಿನ. ಒಂದು, ಶಾಲೆ ಬೇಗ ಬಿಟ್ಟ ದಿನ. ಒಂದು, ರಸ್ತೆಯ ಡಾಂಬರು ಕರಗಿ ಡಾರ್ಸಿಯ ಲಾರಿ ಸಿಕ್ಕಿಕೊಂಡ ದಿನ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಮಲಗುವ ನೆರಿಡಾ, ಸುಡುವ ಮಧ್ಯಾಹ್ನದಲ್ಲೇ ಯಂತ್ರವನ್ನು ಕೆಲಸಕ್ಕೆ ಹಚ್ಚುತ್ತಿದ್ದಳು. ಕೋಟಿ ಕೋಟಿ ಮೈಲಿ ದೂರದ ಆ ನಕ್ಷತ್ರ ಮಂಕಾದದ್ದು ಬ್ರೋಕನ್ ಹಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ ಮಾತ್ರ.

ಅವಳು ನೆರಿಡಾಳನ್ನು ಎಬ್ಬಿಸಲಿಲ್ಲ. ಎಲ್ಲವನ್ನೂ ಹಾಗೆಯೇ ಬಿಟ್ಟು ಮನೆಗೆ ಹೋದಳು.

ಡಾರ್ಸಿ ಊಟಕ್ಕೆ ಬಂದಿದ್ದ. ತುರಿದ ಗಜ್ಜರಿ, ಚೀಸು ಕಲಸಿದ, ಆ ಊರಿನದೇ ಆದ ಪಲ್ಯವನ್ನು ಬ್ರೆಡ್ಡಿನ ನಡುವೆ ತುಂಬಿಕೊಂಡು ತಿನ್ನುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ನೋಡ್ಕೊಂಡು ಬಂದೆ."

ಅವನಿಗೆ ಯಾವುದೆಂದು ಕೇಳಬೇಕಾಗಲಿಲ್ಲ. ಬ್ರೆಡ್ಡನ್ನು ತಟ್ಟೆಗಿಟ್ಟ.

"ವಾಪಸ್ ಹಾಕ್ಬೇಕು ಅಂತಲೇ ಇದ್ದೆ ಕಣೇ. ಭಾನುವಾರ ಸಂಜೆ ಎಲ್ರೂ ಹೆಗಲ ಮೇಲೆ ಎತ್ಕೊಂಡು ಕುಣಿತಿದ್ರು. ಅಷ್ಟರಲ್ಲಿ ಅವಳು ಕಾರು ತಂದು ಬಾಗಿಲಲ್ಲಿ ನಿಂತಳು. ಥಿಯಾ ಇಟ್ಟ ಹಾಗೇ ಇದೆ ಅಂತ ಬಾಯಿಗೆ ಬಂತು. ಆಮೇಲೆ ಓಡ್ತಾನೂ ಇತ್ತಲ್ಲ."

"ಗಾಳಿಗೆ ಬಾಗಿಲು ತೆರೆದಿಟ್ಟು ಓಡಿಸಿದ್ದು."

"ಗಾಳಿ ಎಲ್ಲರಿಗೂ ಒಂದೇ ಇತ್ತು."

"ನಾನು ಎರಡು ಸಲ ಕೇಳಿದೆ ಡಾರ್ಸಿ. ಡಿಸೆಂಬರಿನಲ್ಲಿ ಹೇಳಿದ್ರೂ ಅವಳು ಬರೀತಿರಲಿಲ್ಲ."

"ಹೇಳಿ? ಅಧ್ಯಕ್ಷ ಆದವನೇ ತಾನು ಕೈಹಾಕಿದ ಯಂತ್ರವನ್ನ ಇನ್ನೊಬ್ಬರ ಮಾತಿನ ಮೇಲೆ ದಾಟಿಸಿದ ಅಂತ ಮೀಟಿಂಗಿನಲ್ಲಿ ಎದ್ದು ನಿಂತು ಹೇಳ್ಲಾ? ವಿಮ್ ಅದಕ್ಕೇ ಕಾಯ್ತಿದ್ದಾನೆ." ಅವನು ಬಾಯಿ ಒರೆಸಿಕೊಂಡ. ಧ್ವನಿ ತಗ್ಗಿತು. "ಬಿಸಿಲು ಅಂತ ಹೇಳು. ಇಂಥ ಬೇಸಿಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ನಿನ್ನ ಲೆಕ್ಕ ಒಂದು ಕೂದಲೆಳೆ ತಪ್ಪಿತು ಅಂತ ಹೇಳು. ನೀನು ಒಂದ್ಸಲ ತಪ್ಪಿದ್ರೆ ಅಯ್ಯೋ ಪಾಪ ಅಂತಾರೆ. ನಾನು ತಪ್ಪಿದ್ರೆ, ಇವನಿಂದ ಇನ್ನೇನು ನಿರೀಕ್ಷೆ ಅಂತಾರೆ. ನಿನಗೇನು ಹೋಗುತ್ತೆ ಥಿಯಾ?"

ಕೆಟ್ಟತನದಿಂದ ಕೇಳಿದ ಮಾತಲ್ಲ. ನಿಜಕ್ಕೂ ಅವನಿಗೆ ತಿಳಿಯದೆ ಕೇಳಿದ್ದು. ಅದು ಅವಳಿಗೆ ಇನ್ನೂ ಕಹಿಯಾಯಿತು. ಇಷ್ಟು ವರ್ಷ ಅವಳು ಬೆವರು ಸುರಿಸಿ, ಟವೆಲು ತುರುಕಿದ ಕೋಣೆಯಲ್ಲಿ ಕೂತು, ಎಳೆ ಎಳೆಯಾಗಿ ನೇಯ್ದದ್ದು ಅವನ ಕಣ್ಣಿಗೆ ಮನೆಯಲ್ಲಿ ಬಿದ್ದಿರುವ ಕಂಬಳಿ. ಚಳಿಯಾದವರು ಯಾರು ಬೇಕಾದರೂ ಎಳೆದು ಹೊದೆಯಬಹುದು.

"ನೀನೂ ನೋಡ್ಬಹುದಿತ್ತು ಬಿಡು," ಎಂದ ಅವನು. "ಆರು ತಿಂಗಳು ಇತ್ತಲ್ಲ. ಇಡೀ ಊರಿನ ಯಂತ್ರ ನೋಡೋವಳು."

ಅವಳು ತಿರುಗಿ ಬಿಸಿಲಿಗೆ ಇಳಿದಳು. ನೆರಿಡಾಳ ಮನೆಯ ಕಡೆ ನಡೆದಳು.

ನೆರಿಡಾ ಎದ್ದಿದ್ದಳು. ಪರದೆಯ ಎದುರು ಕುರ್ಚಿ ಎಳೆದುಕೊಂಡು, ಥಿಯಾ ಬಿಟ್ಟುಹೋಗಿದ್ದ ಎರಡು ನೇರ ಗೆರೆಗಳನ್ನು ನೋಡುತ್ತ ಕೂತಿದ್ದಳು. ತಲೆ ತಿರುಗಿಸದೆ ಅಂದಳು: "ಹಾಗಾದ್ರೆ ಅವಳಿಗೇನೂ ಆಗಿಲ್ಲ."

"ಇಲ್ಲ."

"ಕೂತ್ಕೋ. ಹೇಳು."

ಥಿಯಾ ಹೇಳಿದಳು. ಮಾತು ಸುತ್ತಿಸಲಿಲ್ಲ, ಬಿಸಿಲಿನ ಮೇಲೆ ಹಾಕಲಿಲ್ಲ. ಜುಲೈನಲ್ಲಿ ಡಾರ್ಸಿ ವೇಗ ಏರಿಸಿದ್ದು, ಇಳಿಸದೆಯೇ ಇಳಿಸಿದೆನೆಂದದ್ದು, ತಾನು ಎರಡು ಸಲ ಕೇಳಿ ಎರಡು ಸಲವೂ ನಂಬಿದ್ದು. ಹೇಳುವಾಗ ಒಳಗೆಲ್ಲೋ ಒಂದು ಸಣ್ಣ ಆಸೆ ಇತ್ತು: ಕೇಳಿದ ಮೇಲೆ ನೆರಿಡಾ ತನ್ನ ಕಡೆ ನೋಡಿ, ನಿನ್ನ ಮಾತು ಸುಳ್ಳಾಗಲಿಲ್ಲ ಬಿಡು, ನೀನು ಇಟ್ಟದ್ದು ಇಟ್ಟ ಹಾಗೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಎಂದಾಳು.

ನೆರಿಡಾ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು.

"ಡಾರ್ಸಿ ಮಾತನ್ನ ನಾನು ನಂಬಿದ್ದೆ ಅಂದ್ಕೊಂಡ್ಯ?"

"ಅಲ್ಲ..."

"ಅವನು ಯಂತ್ರವನ್ನ ಕಾರಿಗೆ ಇಡೋವಾಗಲೇ ನನಗೆ ಅನ್ನಿಸ್ತು, ಇವನೇನು ಮಾಡಿದಾನೋ ಅಂತ. ಆಮೇಲೆ ನಾನೇ ಸಮಾಧಾನ ಮಾಡ್ಕೊಂಡೆ. ಥಿಯಾ ಬರ್ತಾಳೆ, ನೋಡ್ತಾಳೆ, ನೋಡದೆ ಬಿಡೋವಳಲ್ಲ. ನೀನು ಬರಲಿಲ್ಲ. ಬರಲಿಲ್ಲ ಅಂದ್ರೆ ಮನೇಲೇ ಕೇಳಿ ಖಚಿತ ಮಾಡ್ಕೊಂಡಿದ್ದಾಳೆ ಅಂದ್ಕೊಂಡೆ. ಮಸೂರ ನೋಡ್ದೆ, ಕ್ಯಾಮರಾ ನೋಡ್ದೆ, ಆಕಾಶಾನೂ ನೋಡ್ದೆ. ಇದೊಂದನ್ನ ನೋಡಲಿಲ್ಲ. ಅವೇ ಚಿತ್ರಗಳನ್ನ ಒಂದು ತಣ್ಣನೆ ಬೆಳಗ್ಗೆ ಮತ್ತೆ ಹಾಕಿದ್ರೆ ಸಾಕಿತ್ತು. ನೀನು ಗಟ್ಟಿ ಅಂದಿದ್ದೆ ಅಂತ ಹಾಕಲಿಲ್ಲ."

ಹೊರಗೆ ಯಾರದೋ ನಾಯಿ ನೆರಳು ಹುಡುಕಿಕೊಂಡು ಬಂದು ಮೆಟ್ಟಿಲ ಕೆಳಗೆ ಮಲಗಿತು.

"ನಾನು ಅವರಿಗೆ ಬರೀತೀನಿ," ಎಂದಳು ಥಿಯಾ. "ಸಂಘಕ್ಕೆ, ಆ ಸ್ಟ್ಯಾನರ್ಡ್‌ಗೆ. ಯಂತ್ರ ಕಟ್ಟಿದವಳು ನಾನು, ಕೆಡಿಸಿದವನು ನನ್ನ ಗಂಡ ಅಂತ. ನನ್ನ ಹೆಸರು ಹಾಕಿ ಬರೀತೀನಿ."

"ನಿನ್ನ ಹೆಸರು ಅವರಿಗೆ ಯಾಕೆ? ಅವರಿಗೆ ನೀನು ಯಾರು?"

ಬೈಗುಳದಂತೆ ಕೇಳಿದ್ದಲ್ಲ. ನಿಜವಾಗಿಯೂ ಅದೊಂದು ಪ್ರಶ್ನೆಯಾಗಿತ್ತು. ಉತ್ತರ ಇಬ್ಬರಿಗೂ ಗೊತ್ತಿತ್ತು.

ನೆರಿಡಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ತಾನೇ ಬರೆಯತೊಡಗಿದಳು. ಅವಳ ಬರಹ ಚಿಕ್ಕದಾಗಿತ್ತು. ನಾನು ವರದಿ ಮಾಡಿದ ತಗ್ಗುಗಳು ನಕ್ಷತ್ರದವಲ್ಲ, ಲೆಕ್ಕದಲ್ಲಿ ನುಸುಳಿದವು. ಎಲ್ಲವನ್ನೂ ಹಿಂತೆಗೆದುಕೊಳ್ಳುತ್ತಿದ್ದೇನೆ. ಕಾರಣ: ವೀಕ್ಷಕಿಯ ತಪ್ಪು.

"ವೀಕ್ಷಕಿಯ ತಪ್ಪು ಅಂತ ಯಾಕೆ ಬರೀತೀ?" ಥಿಯಾ ಪರದೆಯತ್ತ ಬಾಗಿದಳು. "ಉಪಕರಣದ ದೋಷ ಅಂತ ಬರಿ. ಅದೇ ನಿಜ."

"ನಮ್ಮಲ್ಲಿ ಹಾಗಿಲ್ಲ ಥಿಯಾ. ನನ್ನ ಮೇಜಿನ ಮೇಲಿರೋ ಉಪಕರಣ ನನ್ನದು. ಯಾರು ಕಟ್ಟಿದ್ರು, ಯಾರು ಕೈಹಾಕಿದ್ರು, ಅದು ಓದೋವರಿಗೆ ಬೇಡ. ಗೆರೆ ಕೆಳಗೆ ಹೆಸರು ಹಾಕಿದವಳು ನಾನು."

ಅವಳು ಮತ್ತೊಮ್ಮೆ ಓದಿದಳು. ಒಂದು ಅಲ್ಪವಿರಾಮ ಸರಿಮಾಡಿದಳು. ಕಳಿಸಿಬಿಟ್ಟಳು. ಅಷ್ಟೇ. ಇಷ್ಟು ವರ್ಷದ ಹೆಸರು ಅಷ್ಟು ಹೊತ್ತಿನಲ್ಲಿ ಹೋಯಿತು.

ಆಮೇಲೆ ಅವಳು ಇಡೀ ಬೇಸಿಗೆಯ ಚಿತ್ರಗಳನ್ನು ಮೊದಲಿನಿಂದ ಲೆಕ್ಕಕ್ಕೆ ಹಾಕಿದಳು. ಕಂಪನಿ ಕೊಟ್ಟ ವೇಗದಲ್ಲಿ, ಯಂತ್ರ ನಿಧಾನವಾಗಿ ಓಡತೊಡಗಿತು. ಅಂಕಿಗಳು ಒಂದೊಂದೇ ಸಾಲಾಗಿ ಇಳಿದವು. ನೆರಿಡಾ ಡ್ರಾಯರಿನಿಂದ ಪೆನ್ಸಿಲು, ಹಳೆಯ ಕ್ಯಾಲ್ಕ್ಯುಲೇಟರು ತೆಗೆದು, ಪರದೆಯ ಅಂಕಿ ನೋಡಿ, ಕಾಗದದಲ್ಲಿ ಬರೆದು, ಕೈಯಿಂದ ಲೆಕ್ಕ ಮಾಡಿ, ಪರದೆಯ ಅಂಕಿಗೆ ಹೋಲಿಸಿ, ಪಕ್ಕದಲ್ಲಿ ಸಣ್ಣದೊಂದು ಗುರುತು ಹಾಕಿದಳು. ಮುಂದಿನದಕ್ಕೆ ಹೋದಳು. ಸಾವಿರಾರು ಅಂಕಿಗಳಿದ್ದವು. ಅವಳ ಹಣೆಯಿಂದ ಬೆವರು ಕಾಗದಕ್ಕೆ ಬಿತ್ತು.

"ನಾನು ಓದಿ ಹೇಳ್ತೀನಿ, ನೀನು ಬರ್ಕೋ," ಎಂದಳು ಥಿಯಾ. "ಇಬ್ಬರಾದ್ರೆ ಬೇಗ ಆಗುತ್ತೆ."

ನೆರಿಡಾ ಕಾಗದದಿಂದ ಪೆನ್ಸಿಲು ಎತ್ತಲಿಲ್ಲ.

"ಬೇಡ. ನೀನು ಓದಿದ್ರೆ ಅದನ್ನೂ ನಾನು ಮತ್ತೆ ನೋಡ್ಬೇಕಾಗುತ್ತೆ."